ರಾಶಿಯ ಮೇಲಿನ ಹಿಡಿ

ಹಾಲಪ್ಪಜ್ಜ ನನ್ನ ಲ್ಯಾಪ್‌ಟಾಪಿನಲ್ಲಿ ಏನನ್ನೇ ಹುಡುಕಲಿ, ಮೊದಲು ಬಂದ ಉತ್ತರಕ್ಕೆ ಅಂಗೈ ಅಡ್ಡ ಹಿಡಿದುಬಿಡುತ್ತಿದ್ದರು. "ಇದು ರಾಶಿ ಮೇಲಿನ ಹಿಡಿ. ಹೊಳೀತಾ ಇರುತ್ತೆ, ನಂಬಬಾರ್ದು" ಎನ್ನುತ್ತಿದ್ದರು.

ಭದ್ರಾವತಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಅದಿರು ಪರೀಕ್ಷೆ ಮಾಡಿದವರು. ರಾಶಿಯ ಮೇಲಿನಿಂದೊಂದು, ನಡುವಿನಿಂದೊಂದು, ತಳದಿಂದೊಂದು ಸಲಿಕೆ ತೆಗೆದು, ಬೆರೆಸಿ, ಪುಡಿ ಮಾಡಿ ನೋಡದೆ ಸಹಿ ಹಾಕಿದವರಲ್ಲ. ಶಿವಮೊಗ್ಗದಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಮಾವಿನಹಣ್ಣಿನ ಬುಟ್ಟಿಗೂ ಮೊಣಕೈವರೆಗೆ ಕೈ ಇಳಿಸುವರು. ಹಣ್ಣಿನವರು ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ನಾನಾಗ ಕುಂಸಿ ಕಡೆಯ ಹಳೆಯ ಸಂತೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಒಂದು ಸಂತೆ ಪ್ಲೇಗಿನಿಂದ ನಿಂತುಹೋಯಿತೆಂದು ಇಡೀ ಅಧ್ಯಾಯವನ್ನೇ ಬರೆದಿದ್ದೆ. ಗೈಡ್ ಮೇಡಂಗೆ ಒಪ್ಪಿಸಲು ಇನ್ನೊಂದೇ ವಾರವಿತ್ತು.

"ಹನ್ನೊಂದು ವೆಬ್‌ಸೈಟಲ್ಲಿ ಇದೇ ಇದೆ ಅಜ್ಜ" ಎಂದು ಹೆಮ್ಮೆಯಿಂದ ತೋರಿಸಿದೆ.

ಅವರು ಒಂದು ವಾಕ್ಯವನ್ನು ಹಾಗೇ ಎತ್ತಿ, ಆಚೀಚೆ ಉದ್ಧರಣ ಚಿಹ್ನೆ ಹಾಕಿ ಹುಡುಕಿದರು. ಹನ್ನೊಂದರಲ್ಲೂ ಅದೇ ವಾಕ್ಯ, ಒಂದಕ್ಷರ ಆಚೀಚೆ ಇಲ್ಲ! ಎಲ್ಲಕ್ಕಿಂತ ಹಳೆಯದು ಯಾರದೋ ಪ್ರವಾಸದ ಬ್ಲಾಗು. ಅದರಲ್ಲಿ 'ಹಿರಿಯರು ಹೇಳುವಂತೆ' ಎಂದಷ್ಟೇ ಇತ್ತು.

"ಹನ್ನೊಂದು ಜನ ಅಲ್ಲ ಮಾರಾಯ್ತಿ, ಒಬ್ಬನಿಗೇ ಹನ್ನೊಂದು ಬಾಯಿ!"

ನನಗೆ ವಾರದಲ್ಲಿ ಒಪ್ಪಿಸಬೇಕಾದ ಅಧ್ಯಾಯದ ಚಿಂತೆ. ಅವರಿಗೋ ಸಂಭ್ರಮ. "ಸಂತೆ ಎತ್ತಿದ್ರೆ ಯಾರು ಬರೆದಿಡ್ಬೇಕು? ಸರ್ಕಾರ ತಾನೆ?" ಎಂದು ಊರಿನ ಹೆಸರಿಗೆ 'ಆಡಳಿತ ವರದಿ' ಸೇರಿಸಿ, ಪಿಡಿಎಫ್ ಮಾತ್ರ ಬರುವಂತೆ ಮಾಡಿದರು. ಹುಡುಕಾಟದ ಫಲಿತಾಂಶಗಳ ನಾಲ್ಕನೇ ಪುಟದ ತಳದಲ್ಲಿ ಸ್ಕ್ಯಾನ್ ಮಾಡಿದ ಹಳೆಯ ವರದಿ ಸಿಕ್ಕಿತು. ಪ್ಲೇಗೂ ಇಲ್ಲ ಗೀಗೂ ಇಲ್ಲ; ಹೊಸ ರಸ್ತೆ ಬಂತೆಂದು ಸಂತೆಯನ್ನು ಪಕ್ಕದೂರಿಗೆ ಸಾಗಿಸಿದ್ದರು. ನಾವಿಬ್ಬರೂ ಹಾಕಿದ ಕೇಕೆಗೆ ಅಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು.

ಆರು ದಿನ ಕೂತು ಅಧ್ಯಾಯವನ್ನು ಹೊಸದಾಗಿ ಬರೆದೆ. ಒಪ್ಪಿಸುವ ಹಿಂದಿನ ದಿನ ಅಜ್ಜನಿಗೆ ಓದಿ ಹೇಳಿದೆ. 'ಮಂಗಳವಾರದ ಈ ಸಂತೆ' ಎಂಬಲ್ಲಿ ತಡೆದರು.

"ಮಂಗಳವಾರ ಅಂತ ಯಾರಂದ್ರು?"

"ನೀವೇ ಅಜ್ಜ. ನಿಮ್ಮಪ್ಪ ಹೇಳ್ತಿದ್ರು ಅಂದ್ರಲ್ಲ."

"ಹಂಗಾದ್ರೆ ನಾನೂ ರಾಶಿ ಮೇಲಿನ ಹಿಡಿನೇ. ತೆಗಿ ಆ ವರದಿ!"

ನಾನು ಓದದೆ ಬಿಟ್ಟಿದ್ದ ಮುಂದಿನ ಪುಟದಲ್ಲಿ ಗುರುವಾರ ಎಂದು ಸ್ಪಷ್ಟವಾಗಿತ್ತು. ಅಜ್ಜ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ನಾನೇ ತಪ್ಪು ಮಾರಾಯ್ತಿ! ಇಷ್ಟು ವರ್ಷ ಊರಿಗೆಲ್ಲ ತಪ್ಪು ಹೇಳ್ಕೊಂಡು ಬಂದೀನಿ!" ತಮ್ಮ ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಖುಷಿಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಪ್ರಬಂಧ ಬೈಂಡಾಗಿ ಬರುವ ಹೊತ್ತಿಗೆ ಅವರಿರಲಿಲ್ಲ. ಈಗಲೂ ಸರ್ಚ್ ಮಾಡಿದಾಗ ನನ್ನ ಅಂಗೈ ತಾನಾಗಿ ಪರದೆಗೆ ಅಡ್ಡ ಹೋಗುತ್ತದೆ, ಅಳುವೂ ಬರುತ್ತದೆ. ಆ ಅಧ್ಯಾಯದ ಅಡಿಟಿಪ್ಪಣಿಯಲ್ಲಿ ಅವರಿದ್ದಾರೆ: 'ಸಂತೆ ಮಂಗಳವಾರ ಎಂದು ಹಾಲಪ್ಪನವರು ಹೇಳಿದ್ದರು. ಅದು ತಪ್ಪೆಂದು ಹುಡುಕಿಸಿದವರೂ ಅವರೇ.'