ಬಾಯಲ್ಲಿ ಬಿರಡೆ, ಎದೆಯಲ್ಲಿ ನಡುಕ

ಬೆಳಗಿನ ಆರು ಗಂಟೆ. ನದಿಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಜೆಟ್ಟಿಯ ಪಕ್ಕದ ಇಳಿಜಾರಿನಲ್ಲಿ ಹದಿನೆಂಟು ಅಡಿಯ ಫೈಬರ್ ದೋಣಿಯೊಂದು ಮರದ ದಿಮ್ಮಿಗಳ ಮೇಲೆ ಕೂತಿದೆ. ಅದರ ಹೊಟ್ಟೆಯಡಿ ಅಂಗಾತ ಮಲಗಿರುವ ಮನುಷ್ಯನ ಕಾಲೆರಡು ಮಾತ್ರ ಹೊರಗೆ ಕಾಣುತ್ತಿವೆ. ಹಾಲಿನವನು ಸೈಕಲ್ ನಿಲ್ಲಿಸಿ, "ಏನ್ ಮಾವ, ರಾತ್ರಿ ಇಲ್ಲೇ ಮಲಗಿದ್ರಾ?" ಎಂದು ಕೆಣಕುತ್ತಾನೆ. ಒಂದು ಕಾಲು ಅಲುಗುತ್ತದೆ, ಅಷ್ಟೇ. ಹಾಲಿನವನು ಬೇಜಾರು ಮಾಡಿಕೊಳ್ಳುವುದಿಲ್ಲ. ಮಾವನ ಬಾಯಲ್ಲಿ ಬಿರಡೆ ಇದೆ ಎಂದು ಅವನಿಗೆ ಗೊತ್ತು.

ಇಂಥ ಸಣ್ಣ ದೋಣಿಗಳಿಗೆ ಹಿಂಬದಿಯ ತಳದಲ್ಲಿ ಹೆಬ್ಬೆರಳು ಹೋಗುವಷ್ಟು ಒಂದು ತೂತು ಇರುತ್ತದೆ. ದಡಕ್ಕೆ ಎಳೆದಾಗ ಒಳಗಿನ ನೀರು ಬಸಿದು ಹೋಗಲೆಂದು ಮಾಡಿದ್ದು. ಮತ್ತೆ ನೀರಿಗಿಳಿಸುವ ಮೊದಲು ಅದಕ್ಕೆ ಹಿತ್ತಾಳೆಯ ಬಿರಡೆ ತಿರುಗಿಸಿ ಮುಚ್ಚಬೇಕು. ಈ ಮೆಕ್ಯಾನಿಕ್ ಬಿರಡೆ ಬಿಚ್ಚಿದರೆ ನೆಲಕ್ಕೆ ಹಾಕುವುದಿಲ್ಲ, ಸಾಮಾನಿನ ಡಬ್ಬಿಗೂ ಹಾಕುವುದಿಲ್ಲ. ಹಲ್ಲುಗಳ ನಡುವೆ ಕಚ್ಚಿಕೊಳ್ಳುತ್ತಾರೆ. ಬಿರಡೆ ಬಾಯಲ್ಲಿರುವ ತನಕ ಮಾತಿಲ್ಲ. ಮಾತು ಹೊರಟಿತೆಂದರೆ ತೂತು ಮುಚ್ಚಿದೆ ಎಂದರ್ಥ. ಜೆಟ್ಟಿಯಲ್ಲಿ ಎಲ್ಲರಿಗೂ ಈ ಲೆಕ್ಕ ಬಾಯಿಪಾಠ. ಹಾಗಾಗಿಯೇ ಅವರು ಊರಿಗೆಲ್ಲ ಬಿರಡೆ ಮಾವ. ನಿಜವಾದ ಹೆಸರು ಬ್ಯಾಂಕಿನ ಪುಸ್ತಕದಲ್ಲಿ ಭದ್ರವಾಗಿದೆ.

ಐವತ್ತೆಂಟು ವಯಸ್ಸು. ಮೂವತ್ತೊಂದು ದೋಣಿಗಳು ಅವರ ಕೈಯಲ್ಲಿವೆ. ದಿನಕ್ಕೆ ನಾಲ್ಕೈದು ದೋಣಿಗಳ ಎಂಜಿನ್ ಬಿಚ್ಚುತ್ತಾರೆ, ಸೋರಿಕೆ ಹುಡುಕುತ್ತಾರೆ. ಎಂಜಿನ್ ಓಡುವಾಗ ಅದರ ಪಕ್ಕದಿಂದ ಸಣ್ಣ ನೀರಿನ ಧಾರೆಯೊಂದು ಹೊರಗೆ ಚಿಮ್ಮುತ್ತಿರಬೇಕು. ಎಂಜಿನ್ನನ್ನು ತಂಪು ಮಾಡಿ ಬರುವ ನೀರು ಅದು. ದೋಣಿಯವರು ಅದನ್ನು ಎಗ್ಗಿಲ್ಲದೆ ಉಚ್ಚೆ ಎನ್ನುತ್ತಾರೆ. "ಡಾಕ್ಟರ್ ಕೇಳೋದನ್ನೇ ನಾನೂ ಕೇಳೋದು. ಉಚ್ಚೆ ಸರಿಯಾಗಿ ಹೋಗ್ತಿದೆಯಾ, ಬಿಸಿಯಾಗಿ ಹೋಗ್ತಿದೆಯಾ, ನಿಂತು ನಿಂತು ಹೋಗ್ತಿದೆಯಾ ಅಂತ. ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತೆ," ಎನ್ನುತ್ತಾರೆ ಮಾವ.

ಇಷ್ಟೆಲ್ಲ ಬಲ್ಲವರಿಗೆ ಈಜು ಬರುವುದಿಲ್ಲ. ಅದನ್ನು ಅವರು ಮುಚ್ಚಿಡುವುದೂ ಇಲ್ಲ. "ನನಗೆ ನೀರು ಅಂದ್ರೆ ಭಯ. ಕಲಿಯೋಣ ಅಂತ ಎರಡು ಸಲ ಇಳಿದೆ. ಮೊಣಕಾಲು ದಾಟಿದ ತಕ್ಷಣ ವಾಪಸ್ ಬಂದೆ. ಜನ ಪುಕ್ಕಲ ಅಂತಾರೆ. ಅನ್ಲಿ, ಹೌದಲ್ಲ?"

ಈ ಭಯಕ್ಕೊಂದು ತಾರೀಕಿದೆ. ಹನ್ನೊಂದು ವರ್ಷದ ಹಿಂದೆ ಇದೇ ಇಳಿಜಾರಿನಲ್ಲಿ ಅವರು ಒಂದು ದೋಣಿಯ ಬಿರಡೆ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಯಾರೋ ಕೂಗಿದರು, ಹೋಗಿ ಮಾತಾಡುತ್ತ ನಿಂತರು. ಅವರ ಅಣ್ಣ ಆಗ ಆ ದೋಣಿ ನಡೆಸುತ್ತಿದ್ದವರು. ರಿಪೇರಿ ಮುಗಿಯಿತೆಂದುಕೊಂಡು ಒಬ್ಬರೇ ದೋಣಿಯನ್ನು ನೀರಿಗೆ ತಳ್ಳಿ, ಎಂಜಿನ್ನಿನ ಹಗ್ಗ ಎಳೆದು ಹೊರಟುಬಿಟ್ಟರು.

ಇಲ್ಲಿಯೇ ಇರುವುದು ಮೋಸ. ದೋಣಿ ಜೋರಾಗಿ ಓಡುತ್ತಿರುವಾಗ ಆ ತೂತಿನಿಂದ ನೀರು ಒಳಗೆ ಬರುವುದಿಲ್ಲ, ಇದ್ದ ನೀರೂ ಹೊರಗೆ ಹೋಗುತ್ತದೆ. ಎಲ್ಲ ಸರಿಯಿದೆ ಅನ್ನಿಸುತ್ತದೆ. ನಡುನೀರಿನಲ್ಲಿ ಎಂಜಿನ್ ನಿಂತಾಗ ನದಿ ಹಿಂದಿನಿಂದ ಒಳಗೆ ಬರುತ್ತದೆ. ಅವತ್ತು ಎಂಜಿನ್ ನಿಂತಿತು. "ನಾನು ಇಲ್ಲಿ ಬೀಡಿಗೆ ಅಂತ ಜೇಬಿಗೆ ಕೈ ಹಾಕಿದೆ," ಎನ್ನುವಾಗ ಇವತ್ತಿಗೂ ಮಾವನ ದನಿ ತಗ್ಗುತ್ತದೆ. "ಬೆರಳಿಗೆ ತಣ್ಣಗೆ ಬಿರಡೆ ಸಿಕ್ತು."

ಅಣ್ಣ ಮಗುಚಿದ ದೋಣಿಯ ಪಕ್ಕದಲ್ಲಿ ಪೆಟ್ರೋಲ್ ಕ್ಯಾನ್ ತಬ್ಬಿಕೊಂಡು ಎರಡೂವರೆ ಗಂಟೆ ನೀರಲ್ಲಿದ್ದರು. ಜೀವ ಉಳಿಯಿತು. ಮತ್ತೆ ದೋಣಿ ಹತ್ತಲಿಲ್ಲ. ಜೆಟ್ಟಿಯ ಮೂಲೆಯಲ್ಲಿ ಚಹಾದಂಗಡಿ ಇಟ್ಟುಕೊಂಡರು. ಅಂಗಡಿಯಲ್ಲಿ ಅವರು ಕೂರುವ ಸ್ಟೂಲು ನದಿಗೆ ಬೆನ್ನು ಹಾಕಿದೆ. ತಮ್ಮನನ್ನು ಒಂದು ದಿನವೂ ಬೈದವರಲ್ಲ. ಆದರೆ ದೋಣಿ ನೀರಿಗಿಳಿಯುವ ಸದ್ದಾದಾಗಲೆಲ್ಲ ತಿರುಗಿ ನೋಡದೆಯೇ ಕೇಳುತ್ತಾರೆ: "ಬಿರಡೆ ಹಾಕಿದ್ಯೇನೋ?" ತಮ್ಮ, "ಹಾಕಿದೆ ಅಣ್ಣ," ಎನ್ನುತ್ತಾರೆ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಆ ಘಟನೆಯ ವಾರದಲ್ಲೇ ಮಾವನ ಹೆಂಡತಿ ಮನೆಯಲ್ಲಿದ್ದ ಅವರ ಅಂಗಿಗಳ ಜೇಬನ್ನೆಲ್ಲ ಹೊಲಿಗೆ ಬಿಚ್ಚಿ ತೆಗೆದರು. ಇವತ್ತು ಮೈಮೇಲಿರುವ ಅಂಗಿಗೂ ಜೇಬಿಲ್ಲ.

ಈ ಬೆಳಗಿನ ದೋಣಿ ಮಗಳದ್ದು. ಇಪ್ಪತ್ನಾಲ್ಕರ ಹುಡುಗಿ, ಹತ್ತು ಜನರನ್ನು ಕೂರಿಸಿಕೊಂಡು ದಿನಕ್ಕೆ ಎಂಟು ಸಲ ಆಚೆ ದಡಕ್ಕೆ ಹೋಗಿಬರುತ್ತಾಳೆ. ನಿನ್ನೆ ಸಂಜೆಯ ಕೊನೆಯ ಸರದಿಯಲ್ಲಿ ಎಂಜಿನ್ ಕೆಮ್ಮಿ ನಡುನೀರಲ್ಲಿ ನಿಂತಿತು. ಮತ್ತೆ ಶುರುವಾಗುವ ಹೊತ್ತಿಗೆ ಕಾಲಡಿ ಒಂದೂವರೆ ಬಕೆಟ್ ನೀರು ಸೇರಿತ್ತು. ಅದನ್ನು ಕೇಳಿದಾಗಿನಿಂದ ಮಾವನಿಗೆ ಊಟ ಇಳಿದಿಲ್ಲ.

ಎಂಜಿನ್ನಿನ ರೋಗ ಬೇಗ ಸಿಗುತ್ತದೆ. ಪೆಟ್ರೋಲ್ ಕೊಳವೆಯ ನಡುವೆ ಕೈಯಲ್ಲಿ ಹಿಚುಕುವ ರಬ್ಬರ್ ಉಂಡೆಯೊಂದಿದೆ. ಹಿಚುಕಿದರೆ ಅದು ಗಟ್ಟಿಯಾಗಿ ನಿಲ್ಲಬೇಕು, ನಿಲ್ಲುತ್ತಿಲ್ಲ. ಕ್ಲಿಪ್ಪಿನ ಹತ್ತಿರ ಕೊಳವೆ ಕೂದಲೆಳೆಯಷ್ಟು ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ. ಕೊಳವೆ ಬದಲಾಯಿತು. ನೀರಿನ ದಾರಿ ಮಾತ್ರ ಸಿಗುತ್ತಿಲ್ಲ. ತಳದಲ್ಲಿ ಬಿರುಕಿಲ್ಲ, ಬಿರಡೆಯ ತಿರುಪು ಸವೆದಿಲ್ಲ. ಒಳಗೆಲ್ಲ ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ, ಬಿರಡೆ ಹಾಕಿ ದೋಣಿಯನ್ನು ನೀರಿಗಿಳಿಸಿ ಕಟ್ಟುತ್ತಾರೆ. ನೀರು ಎಲ್ಲಿಂದ ಬಂದರೂ ಪುಡಿಯ ಮೇಲೆ ಗೆರೆ ಬೀಳಬೇಕು. ಅರ್ಧ ಗಂಟೆ ಕಳೆದರೂ ಪುಡಿ ಬೆಳ್ಳಗೇ ಇದೆ.

ಯಾರಿಗಾದರೂ ಇದು ಸಮಾಧಾನದ ವಿಷಯ. ಮಾವನ ಹಣೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತದೆ. "ಕಾಣೋ ಸೋರಿಕೆಗೆ ನಾನು ಹೆದರಲ್ಲ. ಒಣಗಿ ಕೂತು ನಗ್ತಿರುತ್ತಲ್ಲ, ಅದಕ್ಕೆ ಹೆದರ್ತೀನಿ."

ಏಳೂಕಾಲು. ಏಳೂವರೆಯ ಸರದಿಗೆ ಜನ ಸೇರಿದ್ದಾರೆ. ಆಚೆ ದಡದ ಆಸ್ಪತ್ರೆಯ ನರ್ಸಮ್ಮ ಗಡಿಯಾರ ನೋಡಿಕೊಳ್ಳುತ್ತಾರೆ. ಶಾಲೆಯ ಮೇಷ್ಟ್ರು ಗೊಣಗುತ್ತಾರೆ. ಮಗಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ.

"ಅಪ್ಪಾ, ನೀರು ಬರ್ತಾನೇ ಇಲ್ವಲ್ಲ. ಬಕೆಟ್ ಇಟ್ಕೊಂಡು ಹೋಗ್ತೀನಿ, ಬಂದ್ರೆ ಮೊಗೆದು ಹಾಕ್ತೀನಿ."

"ನಿನ್ನೆ ಬಂದಿದ್ದು ಎಲ್ಲಿಂದ?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಗೊತ್ತಾಗೋ ತನಕ ದೋಣಿ ಹೋಗಲ್ಲ."

ಆಗ ಅವರಿಗೆ ಹೊಳೆಯುತ್ತದೆ. ನಿನ್ನೆ ದೋಣಿಯಲ್ಲಿ ಜನರಿದ್ದರು, ಈಗ ಖಾಲಿಯಿದೆ. ಎಂಜಿನ್ ಹೊತ್ತ ಹಿಂದಿನ ಹಲಗೆಗೆ ನಾಲ್ಕು ಬೋಲ್ಟುಗಳಿವೆ. ಕೆಳಗಿನವೆರಡು ಈಗ ನೀರಿನಿಂದ ಎರಡು ಬೆರಳು ಮೇಲಿವೆ. ಭಾರ ಕೂತರೆ ಮುಳುಗುತ್ತವೆ. ಹಿಂದಿನ ಸೀಟಿನಲ್ಲಿ ನಾಲ್ಕು ಜನ ಕೂರಬೇಕೆಂದು ಮಾವ ಕೇಳುತ್ತಾರೆ. ಹಗ್ಗ ಕಟ್ಟಿದೆ, ನೀರು ಎದೆಮಟ್ಟದ್ದು, ಏನೂ ಆಗುವುದಿಲ್ಲ ಎನ್ನುತ್ತಾರೆ. ಇಷ್ಟು ಹೊತ್ತು ಹೋಗೋಣ ಹೋಗೋಣ ಎಂದು ಗೊಣಗುತ್ತಿದ್ದವರು ಈಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಫೋನ್ ಬರುತ್ತದೆ. ಬಿರಡೆ ಮಾವನೇ ಹೆದರಿದ ದೋಣಿಯಲ್ಲಿ ಕೂರುವವರು ಯಾರು?

ಚಹಾದಂಗಡಿಯಲ್ಲಿ ಸ್ಟೂಲು ಸರಿದ ಸದ್ದಾಗುತ್ತದೆ. ಅಣ್ಣ ಎದ್ದು ಬರುತ್ತಿದ್ದಾರೆ. ಹೆಗಲ ಮೇಲೆ ಲೋಟ ಒರೆಸುವ ಬಟ್ಟೆ ಹಾಗೇ ಇದೆ. ಜೆಟ್ಟಿಯ ಅಂಚಿಗೆ ಬಂದು ನಿಲ್ಲುತ್ತಾರೆ. ಕಣ್ಣು ನೀರಿನ ಮೇಲಿಲ್ಲ, ತಮ್ಮನ ಮೇಲಿದೆ.

"ಬಿರಡೆ ಹಾಕಿದ್ಯೇನೋ?"

ತಮ್ಮನಿಗೆ ಮಾತು ಬರುವುದಿಲ್ಲ. ಬಿರಡೆ ಮಾವ ಮಾತಾಡದಿದ್ದರೆ ತೂತು ತೆರೆದಿದೆ ಎಂದೇ ಅರ್ಥವಲ್ಲವೇ? ಅಣ್ಣನ ಮುಖ ಬಿಳಿಚಿಕೊಳ್ಳುವುದು ಎಲ್ಲರಿಗೂ ಕಾಣುತ್ತದೆ, ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಆಗ ಐವತ್ತೆಂಟರ ಆ ಮನುಷ್ಯ, ಮಾತ್ರೆ ನುಂಗಿದ್ದೇನೆಂದು ತೋರಿಸುವ ಮಗುವಿನ ಹಾಗೆ, ಬಾಯಿ ಅಗಲವಾಗಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಾರೆ. ಬಾಯಿ ಖಾಲಿ ಇದೆ.

ಅಣ್ಣ ಚೆನ್ನಾಗಿ ಬಗ್ಗಿ ನೋಡುತ್ತಾರೆ. ಆಮೇಲೆ ತಮ್ಮನ ಮಗಳ ಹೆಗಲು ಹಿಡಿದು ದೋಣಿಗೆ ಕಾಲಿಡುತ್ತಾರೆ. ದೋಣಿ ಓಲಾಡುತ್ತದೆ, ಅವರ ಎರಡೂ ಕೈ ಅಂಚನ್ನು ಬಿಗಿಯಾಗಿ ಹಿಡಿಯುತ್ತವೆ. ಹನ್ನೊಂದು ವರ್ಷದ ನಂತರ ಅವರು ನೀರಿನ ಮೇಲೆ ಕೂತಿದ್ದಾರೆ. "ದೊಡ್ಡಪ್ಪ, ಬೇಡ ಅನ್ಸಿದ್ರೆ ಇಳೀರಿ," ಎನ್ನುತ್ತಾಳೆ ಮಗಳು. "ಸುಮ್ನಿರು. ಮಾತಾಡಿಸ್ಬೇಡ," ಎನ್ನುತ್ತಾರೆ ಅವರು, ಕಣ್ಣು ಮುಚ್ಚಿಕೊಂಡು. ನರ್ಸಮ್ಮ ಪಕ್ಕದಲ್ಲಿ ಹೋಗಿ ಕೂರುತ್ತಾರೆ. ಹಾಲು ಹಾಕಿ ವಾಪಸ್ ಬಂದ ಹಾಲಿನವನೂ ಕೂರುತ್ತಾನೆ. ಮೇಷ್ಟ್ರ ಫೋನ್ ಮುಗಿಯುತ್ತದೆ.

ಮಾವ ಟಾರ್ಚ್ ಹಿಡಿದು ಹಲಗೆಯ ಬುಡದಲ್ಲಿ ಬೋರಲು ಮಲಗುತ್ತಾರೆ. ಎರಡನೇ ನಿಮಿಷಕ್ಕೆ ಬಲಗಡೆಯ ಕೆಳಗಿನ ಬೋಲ್ಟಿನಿಂದ ಬಿಳಿ ಪುಡಿಯ ಮೇಲೆ ಒದ್ದೆ ಗೆರೆಯೊಂದು ಇಳಿಯುತ್ತದೆ. ಒಳಗಿನ ರಬ್ಬರ್ ಬಿಲ್ಲೆ ಸವೆದು ಕಾಗದದಂತಾಗಿದೆ. "ಸಿಕ್ತು," ಎನ್ನುತ್ತಾರೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ನಾಲ್ಕೂ ಬಿಲ್ಲೆ ಬದಲಾಗುತ್ತವೆ. ಜನ ಮತ್ತೆ ಕೂತು ನೋಡುತ್ತಾರೆ, ಪುಡಿ ಒಣಗೇ ಉಳಿಯುತ್ತದೆ. ಅಷ್ಟಕ್ಕೆ ಬಿಡುವ ಆಸಾಮಿಯಲ್ಲ ಇವರು. ಅವರನ್ನೆಲ್ಲ ಇಳಿಸಿ, ಹಿಂದಿನ ಸೀಟಿನಲ್ಲಿ ನೀರು ತುಂಬಿದ ಡ್ರಮ್ಮುಗಳನ್ನಿಟ್ಟು, ಮಗಳ ಜೊತೆ ನಡುನೀರಿಗೆ ಹೋಗಿ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಕೂರುತ್ತಾರೆ. ರಿಪೇರಿ ಮಾಡಿದ ದೋಣಿಗೆಲ್ಲ ಈ ಪರೀಕ್ಷೆ ಇದ್ದದ್ದೇ. ಆ ಹತ್ತು ನಿಮಿಷ ಅವರು ಆಕಾಶವನ್ನಾಗಲಿ ದಡವನ್ನಾಗಲಿ ನೋಡುವುದಿಲ್ಲ, ತಮ್ಮ ಪಾದದ ಕೆಳಗನ್ನೇ ನೋಡುತ್ತಾರೆ.

ಎಂಟೂ ಹತ್ತಕ್ಕೆ ಹತ್ತು ಜನರನ್ನು ಹೊತ್ತು ದೋಣಿ ಹೊರಡುತ್ತದೆ, ಮಂಜಿನಲ್ಲಿ ಮರೆಯಾಗುತ್ತದೆ. ಆಚೆ ದಡಕ್ಕೆ ಹದಿಮೂರು ನಿಮಿಷ. ಮುಟ್ಟಿದ ಮೇಲೆ ಮಗಳು ಒಂದು ಸೀಟಿ ಊದಬೇಕು, ಅಪ್ಪ ಮಾಡಿಟ್ಟ ಕಟ್ಟಳೆ ಅದು. ಮಾವ ಚಹಾದಂಗಡಿಯ ಮುಂದೆ ಕೂತು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಮಿಷ ಎಣಿಸುತ್ತಾರೆ. ಇಷ್ಟು ವರ್ಷ ಆದ ಮೇಲೂ ಭಯವೇ ಎಂದು ಕೇಳಿದರೆ ಹೌದೆಂದು ತಲೆಯಾಡಿಸುತ್ತಾರೆ.

"ಭಯ ಹೋಗ್ಲಿ ಅಂತ ನಾನು ಕೇಳ್ಕೊಳ್ಳಲ್ಲ. ಕೈಗೆ ಈ ಭಯ ಇರೋ ತನಕ ಕೆಲಸ ಮಾಡ್ತೀನಿ. ಹೋದ ದಿನ ಸ್ಪ್ಯಾನರ್ ಕೆಳಗಿಡ್ತೀನಿ. ಅಷ್ಟೇ ನನ್ನ ಆಸೆ."

ದೂರದಲ್ಲಿ ಎಂಜಿನ್ನಿನ ಸದ್ದು ನಿಲ್ಲುತ್ತದೆ. ದಡ ಮುಟ್ಟಿ ನಿಂತಿತೋ, ನಡುವೆ ನಿಂತಿತೋ ಇಲ್ಲಿಂದ ತಿಳಿಯುವುದಿಲ್ಲ. ಮಾವನ ಕೈ ಜೇಬಿಲ್ಲದ ಅಂಗಿಯ ಎದೆಯ ಮೇಲೆ ಏನನ್ನೋ ತಡಕುತ್ತದೆ. ಅಂಗಡಿಯೊಳಗೆ ಲೋಟ ತೊಳೆಯುವ ಸದ್ದೂ ನಿಂತಿದೆ. ಅಣ್ಣ ಬಾಗಿಲಿಗೆ ಬಂದು ಇವತ್ತು ನದಿಯ ಕಡೆಗೇ ಮುಖಮಾಡಿ ನಿಂತಿದ್ದಾರೆ.

"ಸೀಟಿ ಬಂತು ಕಣೋ," ಎನ್ನುತ್ತಾರೆ ಅಣ್ಣ. "ಚಹಾ ಕುಡಿ."