ಗುರುವಾರದ್ದು ಇನ್ನೂ ಐತಿ

ಮೆಲ್ಬರ್ನಿನ ಕೋರ್ಟುಗಳಿಗೆ ನಾನು ಕನ್ನಡ ದುಭಾಷಿ. ಒಮ್ಮೆ ಇಲ್ಲೇ ನೆಲೆಸಿರುವ ಹುಬ್ಬಳ್ಳಿಯ ಹೆಂಗಸೊಬ್ಬರ ಡಿವೋರ್ಸ್ ಕೇಸು ವಿಡಿಯೊ ಕಾಲ್‌ನಲ್ಲಿ ಬಂತು. ಅದು ಆರು ತಿಂಗಳಿಂದ ನಿಂತುಹೋಗಿತ್ತು. ಇಲ್ಲಿನ ಕೋರ್ಟು ಗಂಡನ ತಪ್ಪೇನು ಎಂದು ಕೇಳುವುದಿಲ್ಲ, ಮಕ್ಕಳನ್ನು ಯಾರು ಹೇಗೆ ನೋಡಿಕೊಳ್ಳುತ್ತಾರೆ ಎಂದು ಕೇಳುತ್ತದೆ. ಅರ್ಜಿಯ ಆ ಜಾಗದಲ್ಲಿ ಆಕೆ ಒಂದೇ ಸಾಲು ಬರೆದಿದ್ದರು: ಚೆನ್ನಾಗಿದ್ದಾರೆ.

"ಮಕ್ಕಳ ವಿಷಯ ಹೇಳಿ," ಎಂದರು ಇಲ್ಲಿ ಇಂಥ ಅರ್ಜಿಗಳನ್ನು ತೀರ್ಮಾನಿಸುವ ರಿಜಿಸ್ಟ್ರಾರ್.

"ಆರಾಮ ಅದಾರ್ರಿ."

ಅನುವಾದಿಸಿದೆ. ರಿಜಿಸ್ಟ್ರಾರ್ ಪೆನ್ ಕೆಳಗಿಟ್ಟರು. "ಇಷ್ಟೇ ಆದರೆ ಕೇಸು ಮತ್ತೆ ಮುಂದಕ್ಕೆ ಹೋಗುತ್ತದೆ. ಯಾರು ಎಬ್ಬಿಸುತ್ತಾರೆ? ಯಾರು ಶಾಲೆಗೆ ಬಿಡುತ್ತಾರೆ?"

"ಮನಿ ಮಾತು ಕೋರ್ಟಿನ್ಯಾಗ ಹೇಳಬೇಕೇನ್ರಿ ಸರ?" ಎಂದು ಆಕೆ ನನ್ನನ್ನು ಕೇಳಿದರು. ಅದನ್ನೂ ಅನುವಾದಿಸಿದೆ.

"ಹೇಳಲೇಬೇಕು," ಎಂದರು ರಿಜಿಸ್ಟ್ರಾರ್.

ಆಕೆ ಸೆರಗು ಸರಿಮಾಡಿಕೊಂಡು ಶುರುಮಾಡಿದರು. ಶನಿವಾರ, ಭಾನುವಾರ ಮಕ್ಕಳು ಅವರಪ್ಪನ ಮನೆಯಲ್ಲಿ. ಸೋಮವಾರ ಆರಕ್ಕೆ ಎಬ್ಬಿಸಿ ಮಗಳಿಗೆ ಉಬ್ಬಸದ ಪಂಪು, ಮಗನ ಡಬ್ಬಿಗೆ ಚಪಾತಿ, ಶೇಂಗಾ ಚಟ್ನಿ ಬ್ಯಾಡ, ಕ್ಲಾಸಿನಲ್ಲಿ ಒಬ್ಬನಿಗೆ ಶೇಂಗಾ ಆಗಿಬರುವುದಿಲ್ಲ. ಮಂಗಳವಾರ ಲೈಬ್ರರಿ ಪುಸ್ತಕ. ಬುಧವಾರದ ಈಜಿಗೆ ಬರುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ರಿಜಿಸ್ಟ್ರಾರ್ ಎರಡೂ ಕೈ ಎತ್ತಿದರು. "ಸಾಕು, ತೃಪ್ತಿಯಾಯಿತು. ಡಿವೋರ್ಸ್ ಮಂಜೂರು."

"ತಡೀರಿ," ಎಂದರು ಆಕೆ, "ಗುರುವಾರದ್ದು ಇನ್ನೂ ಐತಿ."

ರಿಜಿಸ್ಟ್ರಾರ್ ಗುರುವಾರವನ್ನೂ ಪೂರ್ತಿ ಕೇಳಿದರು.

ನಾನೂ ಇಬ್ಬರು ಮಕ್ಕಳ ತಂದೆ. ನನ್ನ ಮಗಳ ಟೀಚರ್ ಹೆಸರು ನನಗೆ ಗೊತ್ತಿಲ್ಲ. ಸಂಸಾರ ಮುಂದುವರಿಸುವವರನ್ನು ಕೋರ್ಟು ಕರೆದು ವಿಚಾರಿಸುವುದಿಲ್ಲ, ಪುಣ್ಯ.