ತಾರೀಖು ಕೊಡುತ್ತಿದ್ದ ಅಕ್ಕ

ಆರೋಗ್ಯ ಕೇಂದ್ರದ ಬಾಗಿಲ ಪಕ್ಕದ ಕಿರುಕೋಣೆಯಲ್ಲಿ ಫೋನಿನ ಮುಂದೆ ಕೂರುತ್ತಿದ್ದ ಗುಮಾಸ್ತೆಗೆ ಬೀದಿಯವರು ಇಟ್ಟ ಹೆಸರು ತಾರೀಖಕ್ಕ. ಲಸಿಕೆಗೆ ಯಾರು ಯಾವತ್ತು ಬರಬೇಕೆಂದು ಗೊತ್ತು ಮಾಡುವುದು ಅವಳ ಕೆಲಸ. ಲಸಿಕೆಯೇ ಯಾವತ್ತು ಬರುತ್ತದೆಂಬುದು ಮಾತ್ರ ಅವಳಿಗೂ ಗೊತ್ತಿರುತ್ತಿರಲಿಲ್ಲ.

ಜ್ವರ ಹರಡತೊಡಗಿದ ಹೊಸತರಲ್ಲಿ ಅವಳು ಮೇಲಿನ ಕಚೇರಿಯ ಮಾತು ನಂಬಿ ಮುಂಚಿತವಾಗಿಯೇ ತಾರೀಖು ಕೊಟ್ಟಳು. ಜನ ಬಂದರು, ಲಸಿಕೆ ಬರಲಿಲ್ಲ. ಬಿಸಿಲಲ್ಲಿ ನಿಂತು ಸುಸ್ತಾದವರು ಅವಳನ್ನು ಬಾಯಿಗೆ ಬಂದಂತೆ ಬೈದು ಹೋದರು. ಇನ್ನು ಲಸಿಕೆ ಫ್ರಿಜ್ಜಿಗೆ ಬಂದು ಸೇರಿದ ಮೇಲೆಯೇ ಜನರನ್ನು ಕರೆಯೋಣವೆಂದುಕೊಂಡಳು. ಆಗ ಕೂಲಿ ಬಿಟ್ಟು ದಿಢೀರನೆ ಬರಲು ಅರ್ಧ ಜನರಿಗೆ ಆಗಲಿಲ್ಲ. ತೆರೆದ ಸೀಸೆ ಮರುದಿನಕ್ಕೆ ಬಾರದು, ಉಳಿದದ್ದನ್ನು ನರ್ಸು ಸಂಜೆ ಎಸೆಯುತ್ತಿದ್ದಳು. ಮನೆಯಲ್ಲಿ ಮಗಳದು ಬೇರೆ ಗೇಲಿ: ಊಟ ಎಷ್ಟೊತ್ತಿಗೆ ಅಂತ ಅಮ್ಮನನ್ನು ಕೇಳಬೇಡಿ, ರೆಡಿಯಾದ ಮೇಲೆ ಫೋನ್ ಮಾಡುತ್ತಾಳಂತೆ.

ಒಬ್ಬೊಬ್ಬರಿಗೆ ಎರಡು ಸಲ ಚುಚ್ಚಬೇಕಿತ್ತು. ಒಂದು ದಿನ ಡಾಕ್ಟರಮ್ಮ ಅವಳನ್ನು ಒಳಗೆ ಕರೆದರು. ಫ್ರಿಜ್ಜಿನಲ್ಲಿದ್ದದ್ದೆಲ್ಲ ಮೊದಲ ಸಲ ಹಾಕಿಸಿಕೊಂಡವರ ಎರಡನೇ ಸಲಕ್ಕೆಂದು ಎತ್ತಿಟ್ಟದ್ದು. ಹೊರಗೆ ಒಂದೂ ಸಿಗದವರ ಸಾಲು.

"ಮುಂದಿನ ವಾರ ಖಂಡಿತ ಕಳಿಸ್ತೀವಿ ಅಂತಿದ್ದಾರೆ. ಇದನ್ನ ಕೊಟ್ಟುಬಿಡೋಣ್ವಾ?"

"ಹೋದ ಸಲಾನೂ ಖಂಡಿತ ಅಂದಿದ್ರು ಮೇಡಂ."

"ಹಾಗಂತ ಇವರನ್ನ ಹೇಗೆ ವಾಪಸ್ ಕಳಿಸ್ಲಿ, ನೀವೇ ಹೇಳಿ."

ಅವಳು ಹೋಗಿ ಹೊರಗಿನ ಸಾಲನ್ನು ಒಳಗೆ ಕರೆದಳು. ಎಲ್ಲವನ್ನೂ ಕೊಟ್ಟುಬಿಟ್ಟರು.

ಮುಂದಿನ ವಾರ ಲಸಿಕೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಎರಡನೆಯದಕ್ಕೆ ಕಾದವರಲ್ಲಿ ತಿರುವಿನಂಗಡಿಯ ವಯಸ್ಸಾದ ಟೈಲರ್ ಒಬ್ಬರು. ಮೊದಲೇ ಉಬ್ಬಸದವರು. ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. ಒಂದು ಸಲವೂ ದನಿ ಏರಿಸಿದವರಲ್ಲ. ತಾನೂ ಗಿರಾಕಿಗಳಿಗೆ ನಾಳೆ ಬಾ, ನಾಡಿದ್ದು ಬಾ ಅಂತಲೇ ಆಯಸ್ಸು ಕಳೆದವನು, ನಿಮ್ಮ ಕಷ್ಟ ಅರ್ಥವಾಗುತ್ತದೆ ಎಂದು ನಗುತ್ತಿದ್ದರು. ಬೈದವರ ಮಾತನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು, ಈ ನಗುವನ್ನು ತಾಳಿಕೊಳ್ಳುವುದೇ ಕಷ್ಟವಾಗುತ್ತಿತ್ತು.

ಒಂದು ಬೆಳಿಗ್ಗೆ ಅವರ ಫೋನ್ ಬರಲಿಲ್ಲ. ಮಧ್ಯಾಹ್ನ ಅವರ ಹೆಂಡತಿ ಮಾಡಿದರು. ಜ್ವರ ಬಂದು ಆಸ್ಪತ್ರೆ ಸೇರಿದ್ದರು.

ಜೀವ ಉಳಿಯಿತು. ಆದರೆ ಮಿಷನ್ ತುಳಿಯುವ ಶಕ್ತಿ ಮರಳಲಿಲ್ಲ. ತಾರೀಖಕ್ಕ ಮನೆಗೆ ನೋಡಲು ಹೋದಾಗ ಅವರು ದಿಂಬಿಗೊರಗಿ ಕೂತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಬಿಟ್ಟು ಅವಳು ಊಟದ ಬಗ್ಗೆ, ಔಷಧಿಯ ಬಗ್ಗೆ ಕೇಳಿದಳು.

"ನಿಮಗೆ ಅಂತ ಎತ್ತಿಟ್ಟಿದ್ದನ್ನ ನಾವು ಬೇರೆಯವರಿಗೆ ಕೊಟ್ವಿ," ಎಂದಳು ಕೊನೆಗೆ.

ಅವರು ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಅವ್ರು ಚೆನ್ನಾಗಿದ್ದಾರಾ?"

"ಗೊತ್ತಿಲ್ಲ," ಎಂದಳು. ನಿಜಕ್ಕೂ ಗೊತ್ತಿರಲಿಲ್ಲ. ಅವರ ಹೆಂಡತಿ ಅವಳ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ತಿಂಗಳುಗಳಾದ ಮೇಲೆ ಲಸಿಕೆ ರಾಶಿ ರಾಶಿಯಾಗಿ ಬಂತು, ಇಡಲು ಜಾಗವಿಲ್ಲ. ಈಗ ಅವಳೇ ಮನೆಮನೆಗೆ ಫೋನ್ ಮಾಡಿ ಕರೆದಳು. ಜ್ವರವೇ ಇಲ್ಲವಲ್ಲ, ಇನ್ಯಾಕೆ ಎಂದರು ಜನ. ಟೈಲರ್ ಮಾತ್ರ ಮಗನ ಗಾಡಿಯಲ್ಲಿ ಬಂದು ಎರಡನೆಯದನ್ನು ಹಾಕಿಸಿಕೊಂಡರು. ಹೊರಡುವಾಗ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳಲು ಕೂತರು. ಅವಳೂ ಪಕ್ಕದಲ್ಲಿ ಕೂತಳು. ಮಗ ಗಾಡಿ ತಿರುಗಿಸಿಕೊಂಡು ಬಂದಾಗ ಅವರ ತೋಳು ಹಿಡಿದು ಎಬ್ಬಿಸಿದಳು.